ಗೆದ್ದವರೇ ಸಭೆಗೆ ಹೋಗಬೇಕು
(ಮೂಡಿಗೆರೆ ತಾಲ್ಲೂಕಿನ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ಹಸುವಿನ ಆರೋಗ್ಯದ ಬಗ್ಗೆ ಹೇಳಬೇಕಾದ ನಾನು ಚುನಾವಣೆಯ ಮಾತೇಕೆ ಎತ್ತಿದೆ ಎಂದು ನೀವು ಕೇಳಬಹುದು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯು ಗ್ರಾಮ ಪಂಚಾಯಿತಿಗೆ ವಹಿಸಿದ ಕೆಲಸಗಳಲ್ಲಿ ಪಶುಸಂಗೋಪನೆ, ಹೈನುಗಾರಿಕೆ, ಮೇವು, ಕುಡಿಯುವ ನೀರು, ಊರ ರಸ್ತೆ ಎಲ್ಲವೂ ಇವೆ. ಮಳೆಗಾಲದಲ್ಲಿ ಮೋರಿ ಕುಸಿದು ಹಾಲಿನ ವಾಹನ ಬಾರದಿದ್ದರೆ ನಷ್ಟ ನಮ್ಮದೇ.

ಗ್ರಾಮ ಪಂಚಾಯಿತಿಗೆ ಸ್ಪರ್ಧಿಸಲು 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಪಕ್ಷದ ಚಿಹ್ನೆ ಬೇಕಿಲ್ಲ. ನಮ್ಮ ಕಾಫಿ ಸೀಮೆಯಲ್ಲಿ ಮನೆಗಳು ದೂರ ದೂರ. 2020ರ ಮತದಾನ ಡಿಸೆಂಬರ್ 22 ಮತ್ತು 27ರಂದು, ಕೊಯ್ಲಿನ ನಡುವೆಯೇ ಬಂದಿತ್ತು. ಆದರೂ ತೋಟದ ಲೈನ್ ಮನೆಗಳವರನ್ನು ಕಂಡು ಅವರ ಕಷ್ಟವನ್ನೂ ಕೇಳಬೇಕು.

ಮಹಿಳೆಯರಿಗೆ 1983ರ ಕಾಯಿದೆ ಶೇಕಡ 25 ಸ್ಥಾನ ಕೊಟ್ಟಿತು. 1993ರಲ್ಲಿ ಅದು ಮೂರನೇ ಒಂದು ಭಾಗವಾಯಿತು, ಬಳಿಕ ಅರ್ಧವಾಯಿತು. ಆದರೆ ಹೆಂಡತಿ ಗೆದ್ದು ಗಂಡ ಸಭೆಗೆ ಹೋಗುವುದೂ ಉಂಟು. ಇದು ಸಲ್ಲದು. ಕೊಟ್ಟಿಗೆಗೆ ನೀರು ಹೊರುವವಳಿಗೇ ನೀರಿನ ಕಷ್ಟ ಗೊತ್ತು. ಸಂಘದಲ್ಲಿ ಲೀಟರು, ಫ್ಯಾಟು, ಬಟವಾಡೆ ತಾಳೆ ನೋಡುವ ತಾಯಂದಿರಿಗೆ ಪಂಚಾಯಿತಿಯ ಜಮಾ-ಖರ್ಚು ಕಬ್ಬಿಣದ ಕಡಲೆಯಲ್ಲ.

ಗೆದ್ದವರು ಸಭೆಯ ನೋಟೀಸನ್ನು ಮೊದಲೇ ಓದಿ. ಅರ್ಥವಾಗದ್ದನ್ನು ಸಂಕೋಚವಿಲ್ಲದೆ ಕೇಳಿ. ನಡವಳಿ ಪುಸ್ತಕದಲ್ಲಿ ನಿರ್ಣಯ ಸರಿಯಾಗಿ ಬರೆದಿದೆಯೇ ಎಂದು ನೋಡಿಯೇ ಸಹಿ ಮಾಡಿ.

ಸೋತವರಿಗೂ ನಿಲ್ಲದವರಿಗೂ ಕೆಲಸವಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಹಾಲಿನ ಲೆಕ್ಕ ಕೇಳುವಂತೆಯೇ ಅಲ್ಲಿ ಊರಿನ ಲೆಕ್ಕ ಕೇಳಿ.