ಸಂಬಳ ಬಿಟ್ಟು ಬರುವ ಮಗನ ಲೆಕ್ಕ

(ಹೋಬಳಿ ಮಟ್ಟದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸಾಲದ ಬಗ್ಗೆ ಮಾತಾಡಿ ಅಂತ ನನಗೆ ಹೇಳಿದ್ದರು. ಅದಕ್ಕೇ ಬರ್ತೀನಿ, ಸ್ವಲ್ಪ ಸುತ್ತಿ ಬಳಸಿ.

ಹೋದ ತಿಂಗಳು ನಮ್ಮೂರಿನ ಒಬ್ಬರು ತಮ್ಮ ಮಗನನ್ನು ನಮ್ಮ ಜಗಲಿಗೆ ಕರಕೊಂಡು ಬಂದರು. ಹುಡುಗ ಬಿಡದಿ ಕಡೆ ಒಂದು ಕಾರ್ಖಾನೆಯಲ್ಲಿದ್ದಾನೆ. ನಾಲ್ಕು ವರ್ಷ ತುಂಬಿ ಎರಡು ತಿಂಗಳು. "ದೊಡ್ಡಪ್ಪಾ, ಕೆಲಸ ಬಿಟ್ಟು ಬಂದ್ಬಿಡ್ತೀನಿ. ಇನ್ನು ರಾತ್ರಿ ಶಿಫ್ಟು ನನ್ನ ಕೈಲಾಗಲ್ಲ" ಅಂದ. ಅವರಪ್ಪ, "ನೀವೇ ಬುದ್ಧಿ ಹೇಳಿ" ಅಂದರು. ಬುದ್ಧಿ ಹೇಳಿ ಅಂದರೆ ಬಿಡಬೇಡ ಅಂತ ಹೇಳಿ ಅನ್ನೋದು ಅವರ ಅರ್ಥ.

ನಾನು ಏನು ಬುದ್ಧಿ ಹೇಳಲಿ? ನಾನೇ ಕೆಲಸ ಬಿಟ್ಟು ಬಂದವನು. ಎಸ್.ಎಸ್.ಎಲ್.ಸಿ. ಆದ ಮೇಲೆ ಒಂದು ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಗುಮಾಸ್ತನಾಗಿದ್ದೆ. ಸೋಗೆ, ಮಣ್ಣು, ಕಟ್ಟು ಅಂತ ಹೆಸರು ಹೇಳಿ ಪ್ರತಿ ಗಾಡಿಯಲ್ಲೂ ಇಷ್ಟು ತೂಕ ಹೊಡಿ ಅಂತ ಮೇಲಿನವರ ಬಾಯಿ ಮಾತಿನ ಹುಕುಂ. ಬರೆಯೋ ಕೈ ನನ್ನದು. 1993ರಲ್ಲಿ ಒಂದು ರಾತ್ರಿ, ಎರಡು ದಿನ ಸಾಲಿನಲ್ಲಿ ಕಾದು ನಿಂತಿದ್ದ ನಮ್ಮೂರಿನ ಹಿರಿಯರೊಬ್ಬರ ಗಾಡಿ ಬಂತು. ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು, ಒಂದು ಮಾತೂ ಆಡದೆ ಎತ್ತು ಹೊಡಕೊಂಡು ಹೋದರು. ಪೆನ್ನು ಮೇಜಿನ ಮೇಲಿಟ್ಟು ನಾನೂ ಬಂದುಬಿಟ್ಟೆ.

ಬಿಟ್ಟಿದ್ದಕ್ಕೆ ಈ ಹೊತ್ತಿಗೂ ನನಗೆ ವ್ಯಥೆಯಿಲ್ಲ. ಬಿಟ್ಟ ರೀತಿಗೆ ಇದೆ. ನನ್ನದೂ ಆಗ ನಾಲ್ಕು ವರ್ಷ ಚಿಲ್ಲರೆ. ಐದು ತುಂಬಿದ್ದರೆ 1972ರ ಕಾನೂನಿನಂತೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಬರುತ್ತಿತ್ತು. ನನಗೆ ಆ ಕಾನೂನೇ ಗೊತ್ತಿರಲಿಲ್ಲ. ಪಿ.ಎಫ್. ಫಾರಂ ಹಾಕಿದ್ದು ಎಷ್ಟೋ ವರ್ಷದ ಮೇಲೆ. ಊರಿಗೆ ಬಂದವನೇ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದು ಬೋರು ಹಾಕಿಸಿದೆ. ಬರೀ ಧೂಳು ಬಂತು. ಆ ಸಾಲ ತೀರಿಸಲು ಆರು ವರ್ಷ ಬೇಕಾಯ್ತು, ನಮ್ಮ ಮನೆಯವರ ಓಲೆ, ಸರ ಎರಡೂ ಹೋದವು. ಸಿಟ್ಟು ನನ್ನದು, ಒಡವೆ ಅವರದು.

ಆದ್ದರಿಂದ ಹುಡುಗನಿಗೆ ಬಿಡು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನಿನಗೆ ಬೇಡವಾಗಿರೋದು ಕೆಲಸವೋ, ಸೂಪರ್‌ವೈಸರೋ ಅಂತ ಕೇಳಿದೆ. ಸೂಪರ್‌ವೈಸರಾದರೆ ಕಾರ್ಖಾನೆ ಬದಲಾಯಿಸಿದರೆ ಆಯ್ತು. ಅವನು ಯೋಚನೆ ಮಾಡಿ, "ಎರಡೂ" ಅಂದ. ಸರಿ, ಹಾಗಾದರೆ ನೋಟ್‌ಬುಕ್ಕು ತಗೊಂಡು ಬಾ ಅಂದೆ.

ಅವನು ತಿಂಗಳಿಗೆ ಎಂಟು ಸಾವಿರ ಮನೆಗೆ ಕಳಿಸ್ತಾನೆ. ಅದು ಎಲ್ಲಿಗೆ ಹೋಗ್ತದೆ ಅಂತ ಅವರಪ್ಪನನ್ನು ಕೇಳಿದರೆ ಮಾತಿಲ್ಲ. ಅವರ ಮನೆಯಾಕೆ ಒಳಗಿಂದಲೇ ಹೇಳಿದರು: ವಾರದ ಕಂತಿಗೆ, ಅಡವಿಟ್ಟ ಒಡವೆಯ ಬಡ್ಡಿಗೆ, ಉಳಿದದ್ದು ಗೊಬ್ಬರದ ಅಂಗಡಿಗೆ. ಅಂದರೆ ಕಬ್ಬು ಆ ಮನೆ ಸಾಕ್ತಾ ಇಲ್ಲ, ಹುಡುಗನ ರಾತ್ರಿ ಶಿಫ್ಟು ಕಬ್ಬನ್ನು ಸಾಕ್ತಾ ಇದೆ! ಇದು ಒಂದು ಮನೆಯ ಕಥೆಯಲ್ಲ, ಇಲ್ಲಿ ಕೂತಿರೋರು ತಲೆ ಅಲ್ಲಾಡಿಸ್ತಾ ಇದ್ದೀರಿ.

ಕಬ್ಬಿನ ದುಡ್ಡು ವರ್ಷಕ್ಕೊಂದು ಸಲ. 2025-26ರ ಹಂಗಾಮಿಗೆ ಕೇಂದ್ರ ಕಟ್ಟಿದ ಎಫ್.ಆರ್.ಪಿ. ಟನ್ನಿಗೆ 3,550 ರೂಪಾಯಿ, ಅದೂ ಶೇಕಡ 10.25 ಸಕ್ಕರೆ ಇಳುವರಿಗೆ. ಕಟಾವು, ಸಾಗಾಣಿಕೆ ಅದರಲ್ಲೇ ಕಳೀಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಬಟವಾಡೆ ಆಗಬೇಕು, ತಡವಾದರೆ ವರ್ಷಕ್ಕೆ ಶೇಕಡ 15 ಬಡ್ಡಿ ಕೊಡಬೇಕು. ಆ ಬಡ್ಡಿಯ ಮುಖ ನೋಡಿದವರು ಯಾರಿದ್ದೀರಿ, ಕೈಯೆತ್ತಿ. ವಾರದ ಕಂತಿನವನು ಮಾತ್ರ 14 ದಿನ ಕಾಯಲ್ಲ.

ಅದಕ್ಕೇ ಹುಡುಗನಿಗೆ ಹೇಳಿದ್ದು: ವಾರದ ಕಂತು ತೀರಲಿ. ಆ ಹೊತ್ತಿಗೆ ಐದು ವರ್ಷವೂ ತುಂಬ್ತದೆ. ನೇಮಕದ ಕಾಗದ ತಂದು ತೋರಿಸು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಇಷ್ಟು ವರ್ಷಕ್ಕೆ ಅಂತ ಅವಧಿ ಬರೆದು ತಗೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಉಂಟು. ಬೇರೆ ಕಂಪನಿಗೆ ಹೋದರೆ ಪಿ.ಎಫ್. ದುಡ್ಡು ಬಿಡಿಸಿಕೊಳ್ಳಬೇಡ, ಖಾತೆ ವರ್ಗಾಯಿಸು. ಎಲ್ಲ ಸೇರಿ ಹತ್ತು ವರ್ಷ ಸೇವೆಯಾದರೆ ಮುಂದೆ ಪಿಂಚಣಿಯ ಹಕ್ಕು ಬರ್ತದೆ. ಬರುವ ನಾಟಿಗೂ ಕಟಾವಿಗೂ ರಜೆ ಹಾಕಿ ಬಂದು ಗದ್ದೆಗೆ ಇಳಿ. ಪಿ.ಯು.ಸಿ. ಆದ ಮೇಲೆ ನೀನು ಸನಿಕೆ ಹಿಡಿದದ್ದನ್ನು ನಾನಂತೂ ನೋಡಿಲ್ಲ ಅಂದೆ. ನಕ್ಕ.

ಇಷ್ಟಾದ ಮೇಲೆ ಅವರಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ಹುಡುಗನಿಗೆ ಹೆಣ್ಣು ಗೊತ್ತಾಗಿದೆಯಂತೆ, ಕಂಪನಿ ಕೆಲಸ ಅಂತಲೇ ಒಪ್ಪಿದ್ದಾರಂತೆ. "ಮದುವೆ ಆಗೋ ತನಕ ಸುಮ್ಮನಿರಲಿ, ಆಮೇಲೆ ಬಿಡಲಿ" ಅಂದರು. ಅವರ ಸಂಕಟ ನನಗೆ ಗೊತ್ತು. ರೈತನ ಮಗ ಅಂದರೆ ಹೆಣ್ಣು ಕೊಡಲ್ಲ ಅಂತ 2023ರಲ್ಲಿ ನಮ್ಮ ಮಂಡ್ಯ ಕಡೆಯ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಪೇಪರಿನವರು ತಮಾಷೆಯ ಹಾಗೆ ಬರೆದರು. ನಮಗೆ ತಮಾಷೆಯಲ್ಲ. ಆದರೂ ನಾನು ಬೈದೆ. ತೂಕದ ಮನೆಯಲ್ಲಿ ನಾನು ಬರೆಯುತ್ತಿದ್ದ ಸುಳ್ಳು ಚೀಟಿಗೂ ಇದಕ್ಕೂ ಏನು ವ್ಯತ್ಯಾಸ? ಆ ಹೆಣ್ಣುಮಗು ಬಂದು ಬಾಳಬೇಕಾದ ಮನೆಯ ಲೆಕ್ಕ ಆಕೆಗೇ ಗೊತ್ತಿಲ್ಲದ ಹಾಗೆ ಮಾಡ್ತೀರಾ ಅಂದೆ. ಅವರಿಗೆ ಸಿಟ್ಟು ಬಂತು, ಕಾಫಿ ಕುಡಿಯದೆ ಎದ್ದು ಹೋದರು.

ಹುಡುಗ ಭಾನುವಾರ ರಾತ್ರಿ ಬಸ್ಸಿಗೆ ಕೆಲಸಕ್ಕೆ ಹೋದ. ನೋಟ್‌ಬುಕ್ಕನ್ನು ಅವರಮ್ಮನ ಕೈಯಲ್ಲಿ ಕೊಟ್ಟು ಹೋಗಿದ್ದಾನೆ. ಮೊನ್ನೆ ಅವರಪ್ಪ ಡೈರಿ ಹತ್ತಿರ ಸಿಕ್ಕು, ಸೋಮವಾರ ಹೆಣ್ಣಿನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳೋಣ, ನೀವೂ ಬನ್ನಿ ಅಂದರು. ಹೋಗ್ತೀನಿ. ಅವರು ಏನಂತಾರೋ ಗೊತ್ತಿಲ್ಲ.