ಬಟ್ಟಿ ನೋಡಿ ಕೌದಿ: ಬಾಲಾನಗರದ ಗುಜರಿಯಲ್ಲಿ ನಾನು ಕಲಿತದ್ದು

ನಾನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಊರು ಬೀದರ್. ವಾರವಿಡೀ ಕೋಡ್ ಬರೀತೀನಿ. ಶನಿವಾರ ಬಾಲಾನಗರಕ್ಕೆ ಹೋಗಿ ಗುಜರಿ ಹಿತ್ತಾಳೆಯಿಂದ ಟೇಬಲ್ ದೀಪ ಮಾಡ್ತೀನಿ. ಇವತ್ತು ಆ ಕೆಲಸದ ಬಗ್ಗೆ, ಅದರಲ್ಲಿ ನಾನು ಹೇಳಿದ ಒಂದು ಸುಳ್ಳಿನ ಬಗ್ಗೆ ಮಾತಾಡ್ತೀನಿ.

ಬಾಲಾನಗರದಲ್ಲಿ ಎಚ್‌ಎಎಲ್ ಇದೆ, 1968ರಲ್ಲಿ ಶುರುವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇದೆ. ಗಲ್ಲಿಗಳ ತುಂಬಾ ಸಣ್ಣ ಸಣ್ಣ ಲೇತ್ ಶೆಡ್‌ಗಳು. ಬೇಕಾದಷ್ಟು ಕತ್ತರಿಸಿದ ಮೇಲೆ ಉಳಿದ ಗೇಣುದ್ದದ ಸರಳು, ಅಳತೆ ತಪ್ಪಿ ರಿಜೆಕ್ಟ್ ಆದ ಬುಷ್, ಲೇತಿನಿಂದ ಉದುರಿದ ಸುರುಳಿ, ಎಲ್ಲವೂ ಚೀಲಕ್ಕೆ ಸೇರಿ ತೂಕಕ್ಕೆ ಹೋಗುತ್ತೆ. ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರೆ. ಮಹಾಪ್ರಾಣ ಬಿಟ್ಟರೆ ಬಂಗಾರ! ನನಗೂ ಹಾಗೇ ಕಂಡಿತು.

ಮೊದಲ ವರ್ಷ ನಾನು ಮೊದಲು ಲ್ಯಾಪ್‌ಟಾಪಿನಲ್ಲಿ ಡ್ರಾಯಿಂಗ್ ಮಾಡ್ತಿದ್ದೆ. 25 ಮಿ.ಮೀ. ಕಂಬ, 120 ಮಿ.ಮೀ. ತಳ. ಆಮೇಲೆ ಆ ಅಳತೆಯ ತುಂಡು ಹುಡುಕ್ತಿದ್ದೆ. ಗುಜರಿಯಲ್ಲಿ 22 ಇರುತ್ತೆ, 28 ಇರುತ್ತೆ, 25 ಇರಲ್ಲ. ಸಿಗದೇ ಇದ್ದಾಗ ಅಂಗಡಿಯಿಂದ ಹೊಸ ಹಿತ್ತಾಳೆ ಪೈಪ್ ತಂದು, ಹಳೇದರ ಹಾಗೆ ಕಾಣಲಿ ಅಂತ ಕೆಮಿಕಲ್ ಹಚ್ಚಿ ಕಪ್ಪು ಮಾಡ್ತಿದ್ದೆ. ಒಂದು ಸಣ್ಣ ಮೇಳದಲ್ಲಿ ಟೇಬಲ್ ಹಾಕಿದೆ. ‘ಪೂರ್ತಿ ಗುಜರಿಯಿಂದ ಮಾಡಿದ್ದು’ ಅಂತ ಚೀಟಿ ಅಂಟಿಸಿದೆ. 7 ದೀಪ ಮಾರಾಟವಾದವು.

ಊರಿಂದ ಅವ್ವ ಬಂದಾಗ, ಉಳಿದಿದ್ದ ಒಂದು ದೀಪ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, ‘ಇದ್ರಾಗ ಹಳೇದು ಯಾವ್ದೋ?’ ಅಂದಳು. ತಳ ತೋರಿಸಿದೆ. ‘ಮತ್ತ ಕಂಬ?’ ಹೊಸದು ಅಂತ ಒಪ್ಪಿಕೊಂಡೆ. ಅವ್ವ ನಕ್ಕಳು. ‘ಬಟ್ಟಿ ನೋಡಿ ಕೌದಿ ಹೊಲೀತಾರ. ಕೌದಿ ಸಲುವಾಗಿ ಹೊಸಾ ಸೀರಿ ಹರೀತಾರೇನೋ?’

ಕೌದಿ ಹೊಲಿಯೋದನ್ನ ನಾನು ಚಿಕ್ಕಂದಿನಿಂದ ನೋಡಿದ್ದೆ. ಹಳೇ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಮೊದಲು ನೆಲದ ಮೇಲೆ ಹರವಿಕೊಂಡು, ಅವ್ವ ಅರ್ಧ ದಿನ ಅವನ್ನೇ ಅತ್ತಿತ್ತ ಸರಿಸ್ತಾ ಕೂರ್ತಿದ್ದಳು. ಡಿಸೈನ್ ಆಗ್ತಿದ್ದದ್ದೇ ಆಗ, ಸೂಜಿ ಹಿಡಿಯೋದು ಆಮೇಲೆ. ಹಾಸ್ಟೆಲಿಗೆ ಹೋಗುವಾಗ ನಾಚಿಕೆಯಾಗಿ ಆ ಕೌದಿಯನ್ನು ಮನೇಲೇ ಬಿಟ್ಟು ಹೋದವನು ನಾನು.

ಬೀದರಿನಲ್ಲಿ ಇನ್ನೊಂದು ಪಾಠವೂ ಕಣ್ಣೆದುರೇ ಇತ್ತು. ಬಿದರಿ ಪಾತ್ರೆಯ ಲೋಹದಲ್ಲಿ ಸತುವೇ ಹೆಚ್ಚು, ತಾಮ್ರ ಸ್ವಲ್ಪ. ಕೆತ್ತಿ, ಬೆಳ್ಳಿ ಕೂರಿಸಿದ ಮೇಲೆ ಕೊನೆಗೆ ಬೇಕಾಗೋದು ಕೋಟೆಯ ಹಳೇ ಕಟ್ಟಡಗಳ ಒಳಗಿನ, ಬಿಸಿಲು ಮಳೆ ಕಾಣದ ಮಣ್ಣು. ಅದನ್ನು ನವಸಾಗರದ ಜೊತೆ ಬಳಸಿದಾಗ ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಆ ಮಣ್ಣನ್ನು ನಾಲಿಗೆಗೆ ತಾಗಿಸಿ ನೋಡಿ ಆರಿಸ್ತಾರೆ. ಈ ಕಲೆಗೆ 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಕಾದ್ರಿ ಅವರಿಗೆ ಪದ್ಮಶ್ರೀ ಬಂತು. ಪಾಳು ಕಟ್ಟಡದ ಮಣ್ಣು ನಮಗೆ ಕಸ. ಅದರ ಗುಣ ಗೊತ್ತಿರೋರಿಗೆ ಅದಿಲ್ಲದೆ ಕೆಲಸ ಮುಗಿಯಲ್ಲ.

ಈಗ ನಾನು ಉಲ್ಟಾ ಕೆಲಸ ಮಾಡ್ತೀನಿ. ಮೊದಲು ಗುಜರಿ ಅಂಗಡಿ. ಜೇಬಲ್ಲಿ ಒಂದು ಅಯಸ್ಕಾಂತ. ಹಿತ್ತಾಳೆ ಅದಕ್ಕೆ ಅಂಟಲ್ಲ, ಹಿತ್ತಾಳೆ ಬಣ್ಣದ ಲೇಪನ ಇರೋ ಕಬ್ಬಿಣ ಅಂಟುತ್ತೆ. ಸಿಕ್ಕಿದ್ದನ್ನೆಲ್ಲ ವರ್ನಿಯರಿನಲ್ಲಿ ಅಳೆದು ಬರ್ಕೋತೀನಿ. ಡ್ರಾಯಿಂಗ್ ಆಮೇಲೆ. 22ರ ಕಂಬ ಸಿಕ್ಕರೆ ದೀಪ 22ರದ್ದೇ. 28ರ ಬುಷ್ ಅದಕ್ಕೆ ಕೊರಳಪಟ್ಟಿ ಆಗುತ್ತೆ. ಹಳೇ ಬೋಲ್ಟಿನ ತೂತು ಇದ್ದರೆ ವೈರ್ ಅಲ್ಲಿಂದಲೇ ಹೊರಗೆ ಬರುತ್ತೆ. ಲೇತಿನ ಉಸ್ತಾದ್ ಹತ್ತಿರ ಡ್ರಾಯಿಂಗ್ ತಗೊಂಡು ಹೋಗಿ ‘ಇದನ್ನು ಮಾಡಿ’ ಅನ್ನಲ್ಲ. ತುಂಡು ಕೊಟ್ಟು ‘ಇದರಲ್ಲಿ ಏನಾಗುತ್ತೆ?’ ಅಂತ ಕೇಳ್ತೀನಿ. ಅರ್ಧ ಡಿಸೈನ್ ಅವರದ್ದೇ.

ಮಾಡಬೇಕು ಅನ್ನೋರಿಗೆ ಮೂರು ಎಚ್ಚರಿಕೆ. ಕೆಮಿಕಲ್ ತುಂಬಿದ್ದ ಡ್ರಮ್ ಎಷ್ಟೇ ಚೆಂದ ಇದ್ದರೂ ಮನೆಗೆ ತರಬೇಡಿ. ಸತುವಿನ ಲೇಪನ ಇರೋ ಪೈಪ್ ವೆಲ್ಡ್ ಮಾಡಬೇಡಿ, ಆ ಹೊಗೆಗೆ ಜ್ವರ ಬರುತ್ತೆ. ಲೋಹದ ದೀಪಕ್ಕೆ ಮೂರು ಎಳೆಯ ವೈರ್ ಹಾಕಿ, ಅರ್ಥಿಂಗ್ ಕೊಡಿ.

ಇನ್ನು ಆ 7 ದೀಪಗಳು. ನಾಲ್ವರ ಫೋನ್ ನಂಬರ್ ನನ್ನ ಹತ್ತಿರ ಇತ್ತು. ಫೋನ್ ಮಾಡಿ ನಿಜ ಹೇಳಿದೆ. ನಾಲಿಗೆ ಒಣಗಿ ಹೋಗಿತ್ತು. ಒಬ್ಬರು ದೀಪ ವಾಪಸ್ ಕೊಟ್ಟರು, ನಾನು ದುಡ್ಡು ವಾಪಸ್ ಕೊಟ್ಟೆ. ಮೂವರು ‘ಇರಲಿ ಬಿಡಿ’ ಅಂದರು. ಈಗ ಚೀಟಿಯಲ್ಲಿ ಹೀಗೆ ಬರೀತೀನಿ: ತಳ, ಕಂಬ ಹಳೇದು, ಹೋಲ್ಡರ್, ವೈರ್ ಹೊಸದು, ಲೇತ್ ಕೆಲಸ ಬಾಲಾನಗರದ ಉಸ್ತಾದರದ್ದು.

ಉಳಿದ ಮೂವರು ಯಾರು ಅಂತ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಅವರಾಗಿದ್ದರೆ ದೀಪ ತನ್ನಿ. ಹಳೇ ಕಂಬ ಹುಡುಕಿ ಹಾಕಿಕೊಡ್ತೀನಿ. ಅಳತೆ ಮಾತ್ರ ಸ್ವಲ್ಪ ಬೇರೆ ಇರುತ್ತೆ.