ಬಿರುಕಿಗೆ ಕೇಳಬೇಕಾದ ಪ್ರಶ್ನೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ ಹಿರಿಯರು “ನಿನ್ನ ಸಂಶೋಧನೆ ಯಾವುದರ ಮೇಲಪ್ಪಾ?” ಎಂದು ಕೇಳುತ್ತಾರೆ. ನನ್ನ ವಿಷಯ ಘನವಸ್ತುಗಳ ಬಲವಿಜ್ಞಾನ. ಹೆಸರು ದೊಡ್ಡದಾದರೂ ಪ್ರಶ್ನೆ ಚಿಕ್ಕದು: ಭಾರ ಹೊತ್ತ ವಸ್ತು ಎಷ್ಟು ತಾಳುತ್ತದೆ, ಯಾವಾಗ ಮುರಿಯುತ್ತದೆ, ಏಕೆ ಮುರಿಯುತ್ತದೆ?

ಈ ವಿಜ್ಞಾನದ ಮೊದಲ ಪುಸ್ತಕಗಳಲ್ಲಿ ಒಂದನ್ನು ಗೆಲಿಲಿಯೋ 1638ರಲ್ಲಿ ಪ್ರಕಟಿಸಿದರು. ಅದರಲ್ಲೊಂದು ಪ್ರಸಂಗವಿದೆ. ಒಂದು ದೊಡ್ಡ ಅಮೃತಶಿಲೆಯ ಕಂಬವನ್ನು ಮಲಗಿಸಿ, ಎರಡು ತುದಿಗಳಿಗೆ ಎರಡು ದಿಮ್ಮಿ ಕೊಟ್ಟಿದ್ದರು. ತನ್ನ ಭಾರಕ್ಕೆ ನಡುವೆ ಮುರಿದೀತೆಂದು ಒಬ್ಬ ಕೆಲಸಗಾರ ಮಧ್ಯದಲ್ಲಿ ಮೂರನೆಯ ಆಸರೆ ಕೊಡಿಸಿದ. ಎಲ್ಲರೂ ಒಳ್ಳೆಯ ಉಪಾಯವೆಂದರು. ಕೆಲವು ತಿಂಗಳ ನಂತರ ನೋಡಿದರೆ ಕಂಬ ಸರಿಯಾಗಿ ಆ ಮೂರನೆಯ ಆಸರೆಯ ಮೇಲೇ ಬಿರಿದಿತ್ತು! ತುದಿಯ ದಿಮ್ಮಿಯೊಂದು ಕೊಳೆತು ಕುಸಿದಿತ್ತು. ನಡುವಿನದು ಗಟ್ಟಿಯಾಗಿ ನಿಂತಿತ್ತು. ಅರ್ಧ ಕಂಬ ಆಸರೆಯಿಲ್ಲದೆ ಗಾಳಿಯಲ್ಲಿ ನೇತಾಡಿ ಮುರಿಯಿತು. ಎರಡೇ ಆಸರೆ ಇದ್ದಿದ್ದರೆ ಕುಸಿದ ದಿಮ್ಮಿಯ ಜೊತೆ ಕಂಬವೂ ಕೆಳಗಿಳಿಯುತ್ತಿತ್ತು, ಅಷ್ಟೆ. ಕಾರಣ ತಿಳಿಯದೆ ಮಾಡಿದ ಉಪಕಾರವೇ ಅಪಾಯವಾಯಿತು.

ಮುಂದಿನ ಮಾತು ಬಿರುಕಿನದು. ಬಟ್ಟೆ ಅಂಗಡಿಯವರು ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ, ಎರಡೂ ಕೈಯಿಂದ ಎಳೆದರೆ ಬಟ್ಟೆ ಪರ್‍ರನೆ ಹರಿಯುತ್ತದೆ. ಕಚ್ಚಿಲ್ಲದಿದ್ದರೆ ಪೈಲ್ವಾನನೂ ಹರಿಯಲು ತಿಣುಕಬೇಕು. ಏಕೆ? 1913ರಲ್ಲಿ ಇಂಗ್ಲೆಂಡಿನ ಇಂಗ್ಲಿಸ್ ಲೆಕ್ಕ ಹಾಕಿ ತೋರಿಸಿದರು. ಎಳೆದು ಹಿಡಿದ ತಗಡಿನಲ್ಲಿ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಎಳೆತ ಮೂರು ಪಟ್ಟಾಗುತ್ತದೆ. ಎಳೆತಕ್ಕೆ ಅಡ್ಡವಾಗಿ, ಅಗಲದ ಹತ್ತು ಪಟ್ಟು ಉದ್ದವಿರುವ ಮೊಟ್ಟೆಯಾಕಾರದ ತೂತಿದ್ದರೆ ಅದರ ತುದಿಯಲ್ಲಿ 21 ಪಟ್ಟು! ಬಿರುಕಿನ ತುದಿ ಇನ್ನೂ ಚೂಪು. ಹಾಗಾದರೆ ಬಿರುಕು ಬಿಟ್ಟ ಪ್ರತಿಯೊಂದು ವಸ್ತುವೂ ಕೂಡಲೇ ಮುರಿಯಬೇಕಲ್ಲ? ಮುರಿಯುವುದಿಲ್ಲವಲ್ಲ!

ಈ ಒಗಟಿಗೆ 1921ರಲ್ಲಿ ಗ್ರಿಫಿತ್ ಎಂಬ ಎಂಜಿನಿಯರ್ ಉತ್ತರ ಕೊಟ್ಟರು. ಅವರು ಪ್ರಯೋಗ ಮಾಡಿದ್ದು ಗಾಜಿನ ಮೇಲೆ. ಬಿರುಕು ಬೆಳೆಯಬೇಕಾದರೆ ಹೊಸ ಮೇಲ್ಮೈ ಹುಟ್ಟಬೇಕು, ಅದಕ್ಕೆ ಶಕ್ತಿಯ ಖರ್ಚಿದೆ. ಬಿರುಕು ಬೆಳೆದಾಗ ಬಿಗಿದ ವಸ್ತು ಸಡಿಲಗೊಂಡು ಶಕ್ತಿ ಬಿಡುಗಡೆಯಾಗುತ್ತದೆ, ಅದು ಆದಾಯ. ಆದಾಯ ಖರ್ಚಿಗಿಂತ ಕಡಿಮೆ ಇರುವವರೆಗೆ ಬಿರುಕು ಸುಮ್ಮನಿರುತ್ತದೆ, ಹೆಚ್ಚಾದರೆ ಓಡುತ್ತದೆ. ನಮ್ಮ ಮನೆಯ ಜಮಾ-ಖರ್ಚಿನಂತೆಯೇ. ಒಂದೇ ಸಲಕ್ಕೆ ಮುರಿಯದ ಬಿರುಕು ಸಣ್ಣ ಭಾರ ಸಾವಿರಾರು ಸಲ ಬಿದ್ದು ಹೋದಾಗ ಕೂದಲೆಳೆಯಷ್ಟೇ ಮುಂದೆ ಸರಿಯುವುದೂ ಉಂಟು. ಅದು ಹೇಗೆ, ಎಷ್ಟು ದಿನಕ್ಕೆ ಎಂಬುದನ್ನು ಸೇತುವೆಗಳಿಗಾಗಿ, ವಿಮಾನಗಳಿಗಾಗಿ ಇಂದಿಗೂ ಜಗತ್ತಿನೆಲ್ಲೆಡೆ ಸಂಶೋಧಕರು ಚರ್ಚಿಸುತ್ತಿದ್ದಾರೆ.

ಇದನ್ನೆಲ್ಲ ಇಲ್ಲಿ ಏಕೆ ಹೇಳಿದೆ? ನಮ್ಮ ಶಾಲೆಯ ಹಳೆಯ ಕಟ್ಟಡದಲ್ಲಿ, ಎಂಟನೇ ತರಗತಿಯ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೆ ಹೋಗಿರುವ ಬಿರುಕನ್ನು ನೀವೆಲ್ಲ ನೋಡಿದ್ದೀರಿ. ಸಿಮೆಂಟು ಮೆತ್ತಿ ಬಣ್ಣ ಹೊಡೆಸೋಣವೆಂದು ಕೆಲವರು, ಕಟ್ಟಡವನ್ನೇ ಕೆಡವೋಣವೆಂದು ಕೆಲವರು ಹೇಳುತ್ತಿದ್ದಾರೆ. ಇಬ್ಬರಿಗೂ ನನ್ನ ವಿನಂತಿ: ಬಿರುಕು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಮೊದಲು, ಅದು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ಕೇಳೋಣ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಾರಣ ಗೋಡೆಯಲ್ಲಿರದೆ ಪಾಯದ ಕೆಳಗೇ ಇರಬಹುದು. ಮೆತ್ತಿದ ಸಿಮೆಂಟು ಬಿರುಕನ್ನು ಮುಚ್ಚೀತು, ಕಾರಣವನ್ನಲ್ಲ. ನಮ್ಮ ಕಣ್ಣಿಗೆ ಬೀಳಬೇಕಾದ ಸುಳಿವೂ ಅದರಡಿ ಮುಚ್ಚಿಹೋದೀತು.

ಉಪಾಯ ಸುಲಭ. ಗಾರೆ ಕೆರೆದು, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯ ಎರಡು ತುದಿಗಳನ್ನು ಗೋಡೆಗೆ ಭದ್ರವಾಗಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯುವುದು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಎಂಜಿನಿಯರುಗಳು ಬಹಳ ಹಿಂದಿನಿಂದ ಬಳಸಿದ ವಿಧಾನವಿದು. ಜೊತೆಗೆ ಬಿರುಕಿನ ಎರಡು ಬದಿ ಗುರುತು ಮಾಡಿ, ಪ್ರತಿ ತಿಂಗಳು ಅಂತರ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಆದರೆ ಅಲ್ಲಿಯವರೆಗೆ ಮಕ್ಕಳನ್ನು ಆ ಕೋಣೆಯಲ್ಲಿ ಕೂರಿಸುವುದು ಬೇಡ. ಇಲಾಖೆಯ ಎಂಜಿನಿಯರನ್ನು ಈ ವಾರವೇ ಕರೆಸಿ ತೋರಿಸೋಣ. ಗಾಜು ಒಡೆದರೆ ಕಾಯದೆ ಮತ್ತೆ ಕರೆಸೋಣ.

ಅಳೆಯುವ ಕೆಲಸ ನಮ್ಮ ಹೈಸ್ಕೂಲಿನ ಮಕ್ಕಳದಾಗಲಿ. ಮೇಷ್ಟ್ರ ಜೊತೆ ಹೊರಗಡೆಯಿಂದಲೇ ಅಳೆಯಲಿ. ಸಂಶೋಧನೆ ಎಂದರೆ ದೊಡ್ಡ ಊರಿನ ಪ್ರಯೋಗಾಲಯದಲ್ಲಿ ಮಾತ್ರ ನಡೆಯುವುದೆಂದು ಅವರು ತಿಳಿಯಬಾರದು. ಸರಿಯಾದ ಪ್ರಶ್ನೆ, ಒಂದು ಅಳತೆಪಟ್ಟಿ, ತಪ್ಪದೆ ಬರೆದ ತಾರೀಖು: ಇಷ್ಟಿದ್ದರೆ ಅದು ಸಂಶೋಧನೆಯೇ. ಗಾಜಿಗೂ ಅಳತೆಯ ಸಾಮಾನಿಗೂ ತಗಲುವ ಖರ್ಚು ನನ್ನದು. ಮಕ್ಕಳು ಬರೆದ ಲೆಕ್ಕವನ್ನು ತಿಂಗಳಿಗೊಮ್ಮೆ ನನಗೆ ಕಳಿಸಿದರೆ ಕೂತು ನೋಡಿ ಉತ್ತರ ಬರೆಯುತ್ತೇನೆ.

ಐವತ್ತು ವರ್ಷ ನಮ್ಮನ್ನೆಲ್ಲ ಹೊತ್ತ ಕಟ್ಟಡ ಇದು. ಉಳಿಸುವುದಾದರೂ ಕೆಡವುವುದಾದರೂ, ಕಾರಣ ತಿಳಿದು ಮಾಡೋಣ.